ಎರಡು ಹೊಂಡಕ್ಕೂ ಸಮಪಾಲು

ಘಾಟಬೋರಾಳ, ತಾ. ಹುಮನಾಬಾದ್

ಅಕ್ಕಾ,

ನಿನ್ನನ್ನು ನಗಿಸುವ ಸುದ್ದಿ ಬರೆಯಬೇಕೆಂದಿದ್ದೆ, ಆಗಲಿಲ್ಲ. ನಾನು ಬಲೆ ಎಳೆಯಲು ಬಂದ ಮೀನು ಸಂಶೋಧನೆ ಮುಳುಗಿತು. ಇಲ್ಲಿನವರೂ ಹೊರದೇಶದವರೂ ಕೂಡಿ ಹೊಸ ಔಷಧ ಪರೀಕ್ಷಿಸುತ್ತಿದ್ದರು. ಕಿವಿರು ಕೊಳೆತ ಮೀನುಗಳನ್ನು ಎರಡು ಹೊಂಡಗಳಲ್ಲಿ ಬಿಟ್ಟು, ಹೋಲಿಸಿ ನೋಡಲೆಂದು ಒಂದಕ್ಕೆ ಮಾತ್ರ ಔಷಧದ ಮೇವು ಹಾಕಬೇಕಿತ್ತು. ಮೇವು ಹಾಕುವ ದ್ರೌಪತಿಬಾಯಿ ಹತ್ತು ದಿನವೂ ಅದನ್ನು ಪಾಲು ಮಾಡಿ ಎರಡಕ್ಕೂ ಹಾಕಿದ್ದಾರೆ. ಅರ್ಧ ಔಷಧ ಯಾವುದಕ್ಕೂ ಸಾಲಲಿಲ್ಲ. ಇಂದು ಬೆಳಿಗ್ಗೆ ಎರಡೂ ಕಡೆ ಮೀನುಗಳು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ನೀರೇ ಕಾಣಲಿಲ್ಲ. ನಮ್ಮ ಕೃಷ್ಣೆಯಲ್ಲಿ ಇಂಥದ್ದು ನಾನು ಕಂಡಿಲ್ಲ.

“ಯಾಕ ಹಿಂಗ ಮಾಡಿದ್ರಿ, ಬಾಯಿ?” ಎಂದೆ.

“ಒಂದೇ ಪಂಕ್ತ್ಯಾಗ ಕೂತೋರಿಗಿ, ಒಬ್ಬರಿಗಿ ನೀಡಿ ಇನ್ನೊಬ್ಬರ ತಾಟ ಖಾಲಿ ಬಿಡ್ತೀರೇನ್ರಿ ನಿಮ್ಮೂರಾಗ?” ಎಂದರು.

ಔಷಧ ಗೆದ್ದಿದ್ದರೆ ಬಸವಕಲ್ಯಾಣದ ಕೆರೆಗಳಿಗೂ ಹಾಕುವವರಿದ್ದರು. ಅಲ್ಲಿಯೂ ಮೀನು ಸಾಯುತ್ತಿವೆ, ಇಲ್ಲಿ ಔಷಧ ಮುಗಿದಿದೆ.

ಸತ್ತ ಮೀನು ಬಾಚಿ ಅಂಗೈ ಬಿರಿದಿದೆ, ಹೆದರಬೇಡ, ಜ್ವರವಿಲ್ಲ. ಮಧ್ಯಾಹ್ನ ದ್ರೌಪತಿಬಾಯಿ ಎಂದಿನಂತೆ ತಮ್ಮ ರೊಟ್ಟಿ ಮುರಿದು ಅರ್ಧ ನನ್ನ ಮುಂದಿಟ್ಟರು. ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ.

ಹುಮನಾಬಾದ್ ಬಸ್ಸು ಬಂತು, ಈ ಕಾರ್ಡನ್ನು ಅಂಚೆಗೆ ಹಾಕಲು ಕಂಡಕ್ಟರ್ ಕೈಗೆ ಕೊಡುತ್ತೇನೆ.

ನಿನ್ನ ತಮ್ಮ
ಯಮನಪ್ಪ