ಮದುವೆ ನೀರಿನ ಕೊಡ

ಅಥೆನ್ಸ್, ಕುಂಬಾರಗೇರಿ
ಮುನಿಖಿಯೋನ್ ಮಾಸದ ಆರನೆಯ ದಿನ

ಮಗನೇ ಮಿಕಿಯೋನ್,

ಹೇಗಿದ್ದೀಯ? ಸಿಸಿಲಿಯ ನೀರು ಹಿಡಿಸಿತೇ? ಹೊಟ್ಟೆ ಕೆಟ್ಟರೆ ಬಾರ್ಲಿ ಗಂಜಿ ಕುಡಿ ಎಂದು ನಿನ್ನಮ್ಮ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ. ಬರೆದ ಒಂದೊಂದು ಸಾಲನ್ನೂ ಅವಳಿಗೆ ಓದಿ ಹೇಳಬೇಕಂತೆ. ದಂಡಿಗೆ ಹೋದವನು ಗಂಜಿ ಎಲ್ಲಿಂದ ತರುತ್ತಾನೆ ಅಂದದ್ದಕ್ಕೆ ಮುಖ ತಿರುಗಿಸಿದಳು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಕಣ್ಣು ಮಂಜಾಗಿದೆ. ಗೆರೆ ಎಳೆಯುವ ಕೈ ಮಾತ್ರ ಇನ್ನೂ ನಡುಗಿಲ್ಲ.

ಎದುರುಮನೆಯ ಹಣತೆ ಮಾಡುವವನು ಕಳೆದ ತಿಂಗಳು ಬಂದು, ಮಗಳು ಮೆಲಿತ್ತಳನ್ನು ನಿನಗೇ ಕೊಡುವುದಾಗಿ ಮಾತು ಕೊಟ್ಟ. ನೀನು ಬಂದ ಕೂಡಲೇ ಮದುವೆ. ನಿನ್ನ ಮದುವೆ ಸ್ನಾನದ ನೀರು ತರುವ ಕೊಡವನ್ನು ಬೇರೆಯವರ ಕೈಗೆ ಬಿಡುತ್ತೇನೆಯೇ? ನಾನೇ ತಿಗರಿ ತಿರುಗಿಸಲು ಕೂತೆ. ಎದೆಯೆತ್ತರ ಬಂದಿದೆ, ಕತ್ತು ಸಪೂರ. ಹಸಿಮಣ್ಣಿನ ಮೇಲೆ ಚಿತ್ರವನ್ನೂ ಗೀರಿದ್ದೇನೆ: ಪೆಲೆಯಸ್ ದೊರೆ ಕಡಲಕನ್ಯೆ ಥೆಟಿಸಳನ್ನು ಮದುವೆಯಾಗಲು ಹಿಡಿದದ್ದು. ಅವಳು ಹಾವಾದಳು, ಸಿಂಹವಾದಳು, ಬೆಂಕಿಯಾದಳು. ಅವನು ಹಿಡಿದ ಕೈ ಬಿಡಲಿಲ್ಲ. ಪೆಲೆಯಸನಿಗೆ ನಿನ್ನ ಮೂಗೇ ಬಂದಿದೆ. "ನನ್ ಮಗನ್ ಮೂಗು ಇಷ್ಟು ಸೊಟ್ಟ ಎಲ್ಲಿದೇರೀ?" ಎಂದು ನಿನ್ನಮ್ಮ ಜಗಳಕ್ಕೇ ಬಂದಳು. ಆರು ವರ್ಷದವನಿದ್ದಾಗ ನೀನು ಮಡಕೆ ಸುಡುವ ಆವಿಗೆಯ ಕಟ್ಟೆಯಿಂದ ಬಿದ್ದದ್ದು ಅವಳಿಗೆ ಮರೆತೇಹೋಗಿದೆ.

ಅಥೀನಾ ತಾಯಿ ನಿನ್ನ ಗುರಾಣಿಗೂ ಮುಂದೆ ನಿಂತು ಕಾಯಲಿ.

ನಿನ್ನಪ್ಪ,
ಫಿಲಿನೋಸ್

ಮತ್ತೆ: ಅಮ್ಮ ನೀರಿಗೆ ಹೋದಳು, ಬೇಗ ಬರೆದುಬಿಡುತ್ತೇನೆ. ಹನ್ನೆರಡು ದಿನದ ಹಿಂದೆ ಬಂದರಿನಲ್ಲಿ ಒಬ್ಬ ನಾವಿಕ ಸಿಕ್ಕಿದ್ದ. "ನಿನ್ ಮಗ ಇದ್ದ ಹಡಗು ಮುಳುಗಿ ಹೋಯ್ತಂತೆ ಅಜ್ಜಾ. ನಾನ್ ಕಣ್ಣಾರೆ ಕಂಡಿಲ್ಲಪ್ಪ" ಅಂದ. ಅಂದಿನಿಂದ ಕೊಡಕ್ಕೆ ತಳ ಕೂರಿಸಲು ನನಗೆ ಕೈ ಬರುತ್ತಿಲ್ಲ. ಮದುವೆಯಾಗದೆ ಸತ್ತವನ ಗೋರಿಗೂ ನಾವು ಇದೇ ಕೊಡವನ್ನೇ ಇಡುತ್ತೇವಲ್ಲ, ಎರೆದ ನೀರು ನೇರ ಮಣ್ಣಿಗಿಳಿಯಲೆಂದು ತಳವಿಲ್ಲದೆ. ಒಮ್ಮೆ ಸುಟ್ಟರೆ ಆಮೇಲೆ ತಳ ಹತ್ತುವುದಿಲ್ಲ. ಅದಕ್ಕೇ ಸುಡದೆ, ಒದ್ದೆ ಬಟ್ಟೆ ಸುತ್ತಿಟ್ಟಿದ್ದೇನೆ. ನಾವಿಕನ ಮಾತನ್ನು ನಿನ್ನಮ್ಮನಿಗೆ ಹೇಳಿಲ್ಲ. ನಿನ್ನೆ ಅವಳು ಬಟ್ಟೆ ಸರಿಸಿ, ಕೊಡದ ಕೆಳಗಿನಿಂದ ಕೈ ಹಾಕಿ ನೋಡಿದಳು. ಮೊಣಕೈವರೆಗೂ ಒಳಗೆ ಹೋಯಿತು. "ಬಟ್ಟೆ ಒಣಗೋಕೆ ಬಿಡ್ಬೇಡಿ" ಅಂದಳು, ಅಷ್ಟೇ. ಈಗ ನೀರಿಗೆ ಹೋಗಿರುವುದೂ ಆ ಬಟ್ಟೆ ನೆನೆಸಲಿಕ್ಕೇ. ಈ ಕಾಗದ ಕೈಸೇರಿದ ಕೂಡಲೇ ಒಂದಕ್ಷರ ಬರೆ, ಮಗನೇ. ತಳವನ್ನೂ ಅದೇ ಬಟ್ಟೆಯೊಳಗೆ ಹಸಿಯಾಗಿ ಇಟ್ಟಿದ್ದೇನೆ.