ಮೂರು ದಿನದ ರೂಲು

ಬೀಡಿ ಓಣಿ, ದಾವಣಗೆರೆ
ಫೆಬ್ರವರಿ ೩೦, ೨೧೩೮

ಕಾಶಿಂಬಿ ಅವ್ವನವರಿಗೆ ಹಾಲಪ್ಪನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ತಿಂಗಳೆಲ್ಲ ಮೂವತ್ತಕ್ಕೆ ಸಮ ಮಾಡಿದ್ದಾರೆ, ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನಿಮ್ಮ ೨೦೦೨ರಲ್ಲಿ ನಿಮಗೀಗ ಮೂವತ್ತೈದು, ನನಗಿಲ್ಲಿ ಎಪ್ಪತ್ತೊಂದು. ಆದರೂ ನೀವೇ ನೂರು ವರ್ಷ ದೊಡ್ಡವರು. ಮಾತು ವಿಚಿತ್ರ ಅನಿಸಿದರೆ ಎಕ್ಸ್‌ಕ್ಯೂಸ್ ಮಿ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷು ಅರ್ಧ ಮರೆತಿದೆ, ಇನ್ನರ್ಧ ಬೇಡದಾಗ ಬಾಯಿಗೆ ಬರುತ್ತದೆ. ಹಿಮ್ಮುಖ ಅಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ. ಅದು ನಿಮಗೆ.

ಬೀಡಿ ಕಟ್ಟುವ ಹೆಂಗಸರನ್ನು ಕೂಡಿಸಿ ಶಾಲೆ ಮೈದಾನದಲ್ಲಿ ನೀವು ಶುರು ಮಾಡಲಿರುವ ಆಟಕ್ಕೆ ನಾವು ಮೈತಾಸು ಅನ್ನುತ್ತೇವೆ. ಸಂಜೆ ಐದರಿಂದ ಆರು, ಓಣಿಯ ಹೆಂಗಸರ ಮೈ ಅವರದೇ. ಈಗ ಬೀಡಿ ಇಲ್ಲ. ಬಿಸಿಲುಹಾಳೆ, ಅಂದರೆ ಸೂರ್ಯನಿಂದ ಕರೆಂಟು ಹಿಡಿಯುವ ಚಾವಣಿ, ಒರೆಸುವ ಕೆಲಸ. ಬೆನ್ನು ಬಾಗುವುದು ಮಾತ್ರ ಅದೇ. ಐದು ಹೊಡೆದರೆ ಗಂಡಸರು ರೊಟ್ಟಿ ತಟ್ಟುತ್ತಾರೆ, ಕೂಸು ಎತ್ತಿಕೊಳ್ಳುತ್ತಾರೆ. ಹೆಂಗಸರು ಖೋಖೋ ಆಡುತ್ತಾರೆ. ಹಾಗೆ ಕೂಗಿ ಕಲಿತ ಗಂಟಲಿನಿಂದಲೇ ಮೇಸ್ತ್ರಿಯನ್ನು ಜಬರಿಸಿ ಕೆಲಸದ ಜಾಗಕ್ಕೆ ನೆರಳು, ನೀರು ತರಿಸಿಕೊಂಡರು. ಇಷ್ಟೆಲ್ಲ ನಿಮ್ಮಿಂದ.

ಆದರೆ ಅವ್ವ, ಮೈದಾನ ಕೊಟ್ಟ ಸಾಹೇಬರು ಹಾಜರಿ ಕೇಳಿದರೆಂದು ನೀವೊಂದು ರೂಲು ಬರೆಯುತ್ತೀರಿ: ಮೂರು ದಿನ ತಪ್ಪಿದರೆ ಹೆಸರು ಹೊಡೆದು ಹಾಕುವುದು. ನಮ್ಮ ಓಣಿಯಲ್ಲಿ ಹೆಂಗಸಿಗೆ "ಎಲ್ಲಿಗೆ ಹೊರಟೆ?" ಅಂದರೆ "ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿದೆ" ಅನ್ನುವುದೊಂದೇ ಉತ್ತರ. ಹೆಸರು ಹೋದರೆ ಹೊಸ್ತಿಲು ದಾಟುವುದೂ ಹೋಯಿತು.

ಹಾಜರಿ ಹಿಡಿಯುವವನು ನಾನು. ನನಗೆ ಜ್ವರ ಬಂದಾಗ ನನ್ನ ಹೆಂಡತಿ ಕೊಟ್ರಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಮೂರು ಸಂಜೆ ಮನೆಯಲ್ಲೇ ಕೂತಳು. ನಾಲ್ಕನೆಯ ದಿನ ನಾನು ಎದ್ದು ಹೋಗಿ ಅವಳ ಹೆಸರು ಹೊಡೆದೆ. ಸ್ವಂತ ಹೆಂಡತಿಯಾದರೇನು, ರೂಲ್ ಈಸ್ ರೂಲ್! ಓಣಿ ಮಂದಿ ಭೇಷ್ ಅಂದರು. ಅವಳು ಮಾತ್ರ, "ಭಾರಿ ನ್ಯಾಯವಂತ್ರು ಬಿಡ್ರೀ ನೀವು. ಗಂಜಿಗೆ ಉಪ್ಪು ಸಾಕಾ?" ಅಂದಳು. ಮರುಸಂಜೆ ಅವಳು ಚಪ್ಪಲಿ ಮೆಟ್ಟಿದಾಗ ನಾನೇ ಕೇಳಿದೆ, "ಎಲ್ಲಿಗೆ?" ತಮಾಷೆಗೆ ಕೇಳಿದ್ದೆ, ಅವ್ವ. ಅವಳು ಚಪ್ಪಲಿ ಬಿಟ್ಟಳು. ಒಂಬತ್ತು ವರ್ಷ ಕೂತಳು. ಮೊದಲು ಮೊಣಕಾಲು ಹೋಯಿತು, ಆಮೇಲೆ ಉಸಿರು. ಮತ್ತೆ ಸೇರಿಸಬಹುದಿತ್ತಲ್ಲ ಅನ್ನುತ್ತೀರಿ. ಅದಕ್ಕೆ ರೂಲು ಇರಲಿಲ್ಲ. ನಾನು ಕೇಳಲೂ ಇಲ್ಲ.

ನಾಳೆ ಪಕ್ಕದ ಮನೆಯ ಸೊಸೆ ಶಾಂಭವಿಗೆ ಮೂರನೆಯ ದಿನ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಆಕೆ ಬರಲಾರಳು. "ಹೆಂಡ್ತಿಗೇ ಬಿಡದ ಹಾಲಪ್ಪ ಇವಳಿಗೆ ಬಿಡ್ತಾನಾ?" ಎಂದು ಮೈತಾಸಿನ ಕಮಿಟಿಯವರು ನಗುತ್ತಿದ್ದಾರೆ. ನಾನು ಹೊಡೆಯದಿದ್ದರೆ ಇನ್ನೊಬ್ಬರು ಪೆನ್ನು ಹಿಡಿಯುತ್ತಾರೆ. ವಾದ ಮಾಡಿ ಮಾಡಿ ದಣಿದಿದ್ದೇನೆ.

ಸಾಹೇಬರಿಗೆ ಬೇಕಾದರೆ ತಲೆ ಎಣಿಸಿ ಕೊಡಿ, ಆ ಸಾಲು ಮಾತ್ರ ಬೇಡ. ಬರೆಯಲೇಬೇಕಾದರೆ ಹೀಗೆ ಬರೆಯಿರಿ: ಮೂರು ದಿನ ಬಾರದವಳ ಮನೆಗೆ ನಾಲ್ಕನೆಯ ದಿನ ಎಲ್ಲರೂ ಹೋಗಿ ಕರೆಯುವುದು.

ಹಾಗೆ ಬರೆದರೆ, ಆ ನಾಲ್ಕನೆಯ ದಿನ ಕೊಟ್ರಮ್ಮ ಬಾಗಿಲಲ್ಲೇ ಕೂತಿರುತ್ತಾಳೆ. ಕರೆದರೆ ಬರುತ್ತಾಳೆ.

ಇಂತಿ,
ಹಾಜರಿ ಹಾಲಪ್ಪ