ಐದನೆಯ ಇಯತ್ತೆಗೆ ನರ್ಮದಾ

ಗಜೇಂದ್ರಗಡ
೧೪ ಜುಲೈ ೧೯೫೪

ನರ್ಮದೆಯ ತಂದೆಯವರಿಗೆ ಭೀಮಾಬಾಯಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಧೂಳು ಗುಮಾಸ್ತರನ್ನೂ ಬಿಡುವುದಿಲ್ಲ. ಜ್ಯೇಷ್ಠಮಧು ಕಳಿಸಿದ್ದೇನೆ; ಗೂಡಿನಲ್ಲಿಟ್ಟು ಪೂಜೆ ಮಾಡಬೇಡಿ, ಬಾಯಿಗೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಸೊಲ್ಲಾಪುರದ ಬಿಡಾರ ಮುರಿದು ನಮ್ಮನ್ನು ನಿಮ್ಮ ಅಣ್ಣನವರ ಮನೆಗೆ ಬಿಟ್ಟು ಹೋದ ಮೇಲೆ ನಿಮ್ಮಿಂದ ಬಂದದ್ದು ಒಂದೇ ಕಾಗದ. ಅದರಲ್ಲಿ ಮಗಳ ಬಗ್ಗೆ ಇದ್ದದ್ದು ಒಂದೇ ಸಾಲು, ಯಾವುದಾದರೂ ಶಾಲೆಗೆ ಹಾಕು ಎಂದು.

ಯಾವುದಾದರೂ ಎಂದರೆ ಯಾವುದು? ನಮ್ಮ ಪೇಟೆಯ ಸುತ್ತಲಿನ ಮೂರನ್ನೂ ನೋಡಿ ಬಂದೆ. ಹೆಣ್ಣುಮಕ್ಕಳ ಶಾಲೆ ಮನೆಯ ಹತ್ತಿರವೇ ಇದೆ, ಆದರೆ ಐದು, ಆರು, ಏಳು ಇಯತ್ತೆ ಎಲ್ಲಕ್ಕೂ ಒಂದೇ ಕೋಣೆ, ಕಲಿಸುವವರು ಒಬ್ಬರೇ ಗಂಗಾಬಾಯಿ ಅಕ್ಕೋರು. "ಖರೇ ಹೇಳ್ತೀನ್ರಿ, ಹೊಲಿಗಿ ಕಲಸ್ತೀನಿ, ಗಣಿತ ನನಗ ಬರಂಗಿಲ್ಲ" ಎಂದರು. ಪಾಪ, ಸುಳ್ಳು ಹೇಳಲಿಲ್ಲ. ಪಕ್ಕದ ಮನೆಯ ರಾಜಮಾ ತನ್ನ ಮಗಳ ಉರ್ದು ಶಾಲೆ ತೋರಿಸಿದಳು. ಕಿಟಕಿಯ ಹೊರಗೆ ನಿಂತು ಕೇಳಿದೆ. ಕಲಿಸುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲ, ಆದರೆ ನಮ್ಮ ಹುಡುಗಿಗೆ ಉರ್ದು ಬರಬೇಕಲ್ಲ. ಉಳಿದದ್ದು ಗಂಡುಮಕ್ಕಳ ಶಾಲೆ. ನಲವತ್ತು ಹುಡುಗರ ನಡುವೆ ಮೂವರು ಹುಡುಗಿಯರು, ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂಡುತ್ತಾರೆ. ಆದರೂ ಏಳನೆಯ ಇಯತ್ತೆ ಮುಗಿಸಿದವರನ್ನು ಮುಲ್ಕಿ ಪರೀಕ್ಷೆಗೆ ಕೂಡಿಸುವುದು ಅದೊಂದೇ. ಮುಲ್ಕಿ ಪಾಸಾದರೆ ನಮ್ಮ ನರ್ಮದಾ ಎಲ್ಲಾದರೂ ಅಕ್ಕೋರಾದಾಳು, ನನ್ನ ಹಾಗೆ ಒಲೆಯ ಮುಂದೆ ಸವೆಯಲಾರಳು. ಇದೊಂದೇ ನನ್ನ ಆಸೆ. ಅಲ್ಲಿಗೇ ಹಾಕಿದೆವು.

ಹೆಸರು ಹಚ್ಚಲು ಭಾವನವರೇ ಜೊತೆಗೆ ಬಂದರು. ನೀವು ಸೊಲ್ಲಾಪುರದ ಶಾಲೆಯ ದಾಖಲೆಪತ್ರ ಕಳಿಸಿರಲಿಲ್ಲ, ಹಾಗಾಗಿ ಮಾಸ್ತರರು ಎಲ್ಲವನ್ನೂ ಬಾಯಿಮಾತಿನಲ್ಲೇ ಕೇಳಿ ಬರೆದುಕೊಂಡರು. "ತಂದೀ ಹೆಸರು ಏನ್ರಿ?" ಎಂದರು. ಗಂಡನ ಹೆಸರನ್ನು ನಾನು ಹೇಗೆ ಹೇಳಲಿ? ಸೆರಗು ಎಳೆದುಕೊಂಡು ಭಾವನವರ ಕಡೆ ನೋಡಿದೆ. ಮಾಸ್ತರರು ಅವರಿಗೇ "ನಿಮ್ಮ ಹೆಸರ್ರಿ?" ಎಂದರು, ಭಾವನವರು "ವಾಸುದೇವ" ಎಂದರು, ತಂದೆಯ ಹೆಸರಿನ ಜಾಗದಲ್ಲಿ ಅದೇ ಬಿತ್ತು. ಹೊರಗೆ ಬಂದು ಹೇಳಿದಾಗ "ಇರ್ಲಿ ಬಿಡವಾ, ಒಂದ ಮನಿತನ ಅಲ್ಲೇನು" ಎಂದು ಭಾವನವರು ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ನರ್ಮದಾ ನಿಮಗೆ ನಮಸ್ಕಾರ ಹೇಳಿದ್ದಾಳೆ. ರಾಯರು ನಿಮ್ಮನ್ನು ಕಾಯಲಿ.

ನಿಮ್ಮ,
ಭೀಮಾಬಾಯಿ

ತಾ.ಕ.: ಮೇಲಿನದನ್ನು ಭಾವನವರು ಓದಿ ನೋಡಿ ಅಂಚೆಗೆ ಹಾಕಲು ಕೊಟ್ಟರು. ಇದನ್ನು ಅಂಚೆಪೆಟ್ಟಿಗೆಯ ಬಳಿ ನಿಂತು ಬರೆಯುತ್ತಿದ್ದೇನೆ. ನಿಮ್ಮ ಅತ್ತಿಗೆಯವರಿಗೆ ಸಂಧಿವಾತ, ಮಡಿಯ ಅಡುಗೆಗೆ ಇನ್ನೊಂದು ಕೈ ಬೇಕೆಂದು ಭಾವನವರು ಸೋಮವಾರ ನರ್ಮದೆಯ ಹೆಸರು ತೆಗೆಸಿ ಬಂದರು. ಅವಳು ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟಳು, ಅಳಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಇವತ್ತು ಒಬ್ಬಳೇ ಶಾಲೆಗೆ ಹೋದೆ. "ತಂದೀನ ಬಂದು ಸಹಿ ಮಾಡ್ಯಾರಲ್ರಿ" ಎಂದರು ಮಾಸ್ತರರು. ಅವರು ತಂದೆಯಲ್ಲ ಎಂದೆ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ನಿಮ್ಮ ಹೆಸರು ಹೇಳಿದೆ, ಎರಡು ಸಲ, ಗಟ್ಟಿಯಾಗಿ. ಮಾಸ್ತರರು ದಾಖಲೆ ಪುಸ್ತಕದ ಮೇಲೆ ಬೆರಳಾಡಿಸಿ ನೋಡಿದರು. "ಆ ಹೆಸರಿನವರು ಯಾರೂ ಇದರಾಗ ಇಲ್ರಿ, ತಾಯಿ" ಎಂದರು.